ಖಾಲಿ ಬಿಡಬೇಕಾದ ಸಾಲು

ಸವಣೂರು
೬ ಜನವರಿ ೨೦೨೫

ಹೂವಪ್ಪ ಕಾಕಾ ಅವರಿಗೆ ನುಜಹತಳ ಸಾವಿರ ಸಲಾಮು.

ನಾನು ಯಾರೆಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ನೀರಿನ ಟ್ಯಾಂಕುಗಳಿಗೆ ಬಣ್ಣ ಹಚ್ಚಿಸುವ ಗುತ್ತಿಗೆದಾರ ನದೀಮ ಇದ್ದಾರಲ್ಲ, ಅವರ ಹೆಂಡತಿ. ಮದುವೆಯಾಗಿ ಇವತ್ತಿಗೆ ಇಪ್ಪತ್ತೆರಡು ದಿನ! ಈ ಇಪ್ಪತ್ತೆರಡು ದಿನಗಳಲ್ಲಿ ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ಜವಾಬ್ದಾರಿ ಈ ಪತ್ರ. ಇದಕ್ಕೆಂದೇ ಹೊಸ ಪೆನ್ನು ತರಿಸಿದ್ದೇನೆ.

ನಿನ್ನೆ ಇವರು ಒಂದು ಬಿಳಿ ಹಾಳೆ ಮುಂದಿಟ್ಟುಕೊಂಡು ತಲೆ ಕೆರೆಯುತ್ತ ಕುಳಿತಿದ್ದರು. ಏನು ಎಂದು ಕೇಳಿದೆ. ನಮ್ಮ ಮನೆಮಾತು ಉರ್ದುವಾದರೂ ಕೆಲಸದ ಮಾತು ಬಂದರೆ ಇವರ ಬಾಯಿಗೆ ಕನ್ನಡವೇ ಬರುತ್ತದೆ. "ಹಾನಗಲ್ಲಿನ ಏಜೆಂಟ್ ಹೂವಪ್ಪಣ್ಣಗ ಒಂದು ಕೆಲಸ ಬ್ಯಾಡ ಅನ್ನಬೇಕು," ಎಂದರು. ಫೋನ್ ಮಾಡಿಬಿಡಿ ಎಂದೆ. ನಕ್ಕುಬಿಟ್ಟರು. "ಅವರ ಹತ್ರ ಹೂಂ ಅನ್ನಾಕ ಫೋನ್ ನಡೀತೈತಿ. ಬ್ಯಾಡ ಅನ್ನಾಕ ಕಾಗದನ ಬೇಕು. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ, ನಾಲ್ಕೂ ತಾಲೂಕಿನಾಗ ಯಾವ ಕಾಂಟ್ರಾಕ್ಟರನ್ನರ ಕೇಳು. ಕಾಗದ ಬರೀಲಿಲ್ಲಂದ್ರ ತಮ್ಮ ಲೆಕ್ಕದ ವಹಿಯಾಗಿನ ಹೆಸರ ಹೊಡದ ಹಾಕ್ತಾರ."

ಎಷ್ಟು ಚಂದದ ಪದ್ಧತಿ ಕಾಕಾ! ಈ ಕಾಲದಲ್ಲಿ ಯಾರು ಪತ್ರ ಬರೆಯುತ್ತಾರೆ? ನಾನು ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ವ್ಯವಹಾರ ಪತ್ರದಲ್ಲಿ ಯಾವಾಗಲೂ ಹತ್ತಕ್ಕೆ ಒಂಬತ್ತು. ಬೇಡ ಎನ್ನುವಾಗ ಮೊದಲು ಕೃತಜ್ಞತೆ ಹೇಳಬೇಕು, ಕೊನೆಗೆ ಬೇರೊಂದು ದಾರಿ ತೋರಿಸಬೇಕು ಎಂದು ನಮ್ಮ ಟೀಚರ್ ಹೇಳಿಕೊಟ್ಟಿದ್ದರು.

ಆದ್ದರಿಂದ ಮೊದಲು ಕೃತಜ್ಞತೆ. ಹಿರೇಕೆರೂರಿನ ಕಡೆಯ ಹತ್ತಿ ಗಿರಣಿಯ ಟ್ಯಾಂಕಿಗೆ ಬಣ್ಣ ಹಚ್ಚುವ ಕೆಲಸಕ್ಕೆ ನಮ್ಮನ್ನು ನೆನೆಸಿಕೊಂಡದ್ದಕ್ಕೆ ಹೃತ್ಪೂರ್ವಕ ಧನ್ಯವಾದಗಳು. ಮನೆಯಲ್ಲಿ ನಾದಿನಿ ಸಾಯಿಮಾಳ ನಿಶ್ಚಿತಾರ್ಥ ಇರುವುದರಿಂದ ಒಪ್ಪಿಕೊಳ್ಳಲು ಆಗುತ್ತಿಲ್ಲ. ಇದಕ್ಕಾಗಿ ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ.

ಈಗ ಬೇರೆ ದಾರಿ. ಬೇಡ ಎಂದವರು ಇನ್ನೊಬ್ಬ ಗುತ್ತಿಗೆದಾರರ ಹೆಸರು ತೋರಿಸುವುದು ನಿಮ್ಮಲ್ಲಿ ಮರ್ಯಾದೆಯಂತೆ. ಶಿಗ್ಗಾವಿಯ ಶಿವಯೋಗಿ ಅವರ ಹೆಸರು ತೋರಿಸುತ್ತಿದ್ದೇನೆ. ಅವರಂಥ ಕೆಲಸಗಾರ ಇನ್ನೊಬ್ಬರಿಲ್ಲ, ಈ ಟ್ಯಾಂಕಿಗೆ ಅವರೇ ತಕ್ಕವರು, ಕಣ್ಣು ಮುಚ್ಚಿ ಕೊಡಬಹುದು. ನಮ್ಮ ಮದುವೆಗೆ ಬಂದು ಅರ್ಧ ಶಾದಿಮಹಲನ್ನು ನಗಿಸಿ ಹೋದ ಮನುಷ್ಯ!

ಬೇಸಿಗೆಯ ಕೆಲಸ ಹಂಚುವಾಗ ನಮ್ಮನ್ನು ಮರೆಯಬೇಡಿ. ಇವರ ಗ್ಯಾಂಗಿನ ಆರು ಮನೆಗಳ ಒಲೆ ನಿಮ್ಮ ವಹಿಯ ಒಂದು ಸಾಲಿನ ಮೇಲೆ ಉರಿಯುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿರುತ್ತಾರೆ.

ನಿಮ್ಮ ಮಗಳಂಥ
ನುಜಹತ


ಹಾನಗಲ್ಲ
೧೦ ಜನವರಿ ೨೦೨೫

ಶ್ರೀಮತಿ ನುಜಹತ ಅವರಿಗೆ,

ಪತ್ರ ತಲುಪಿತು. ಮೂವತ್ತು ವರ್ಷದಿಂದ ಈ ದಂಧೆಯಲ್ಲಿದ್ದೇನೆ. ಬೇಡ ಎಂಬ ಕಾಗದಗಳೇ ಒಂದು ಟ್ರಂಕು ತುಂಬ ಇವೆ. ಹೆಚ್ಚಿನವು ಮೂರು ಸಾಲಿನವು. ಇಷ್ಟು ಸಿಹಿಯಾದದ್ದು ಒಂದೂ ಇಲ್ಲ. ಸಕ್ಕರೆ ಚೆಲ್ಲಿದ ಕಡೆ ನಾನು ಮೊದಲು ಇರುವೆ ಹುಡುಕುತ್ತೇನೆ.

ನಿಶ್ಚಿತಾರ್ಥದ ಮಾತು ಬಿಡಿ. ಅದು ಡಿಸೆಂಬರಿನಲ್ಲೇ ಆಗಿದೆ, ಜಿಲೇಬಿ ನಮ್ಮ ಮನೆಗೂ ಬಂದಿತ್ತು. ಬೇಡ ಎನ್ನುವವರು ಮನೆಯ ಕಾರ್ಯದ ನೆಪ ಹೇಳುತ್ತಾರೆ, ನಾನು ನಂಬಿದಂತೆ ಇರುತ್ತೇನೆ. ಅದು ಎರಡೂ ಕಡೆಯ ಮರ್ಯಾದೆ. ಆ ಸುಳ್ಳನ್ನು ಕೆದಕುವುದಿಲ್ಲ.

ಆದರೆ ಹೊಗಳಿಕೆ ನಮ್ಮ ಪದ್ಧತಿಯಲ್ಲಿಲ್ಲ. ನದೀಮ ನಾಲ್ಕು ವರ್ಷದಲ್ಲಿ ಐದು ಸಲ ಬೇಡ ಎಂದಿದ್ದಾನೆ. ಐದೂ ಸಲ ಒಂದು ಹೆಸರು, ಒಂದು ಊರು, ಕೆಳಗೆ ಸಹಿ. ಅಷ್ಟೆ. ಹೆಸರು ತೋರಿಸಿದರೆ ದಾರಿ ತೋರಿಸಿದಂತೆ. ಹೊಗಳಿದರೆ ಜಾಮೀನು ನಿಂತಂತೆ. ಶಿವಯೋಗಿಯ ಕೈಯಲ್ಲಿ ಕೆಲಸ ಕೆಟ್ಟರೆ ಜವಾಬು ನದೀಮನೇ ಕೊಡಬೇಕಾಗುತ್ತದೆ. ಅದನ್ನು ಬಲ್ಲವನು ಸುಮ್ಮನೆ ಹೊಗಳಿಸುವುದಿಲ್ಲ. ಇಬ್ಬರಲ್ಲಿ ಪಾಲಿದೆಯೋ ಹೇಗೆ? ಮುಂಬಾಗಿಲಲ್ಲಿ ಬೇಡ ಎಂದು ಹಿತ್ತಲ ಬಾಗಿಲಿಂದ ಅದೇ ಕೆಲಸ ಒಯ್ದವರನ್ನು ನಾನು ನೋಡಿದ್ದೇನೆ.

ಒಂದೇ ಪ್ರಶ್ನೆ ಕೇಳುತ್ತೇನೆ. ಶಿವಯೋಗಿಯ ಹೆಸರನ್ನು ನದೀಮನೇ ಹೇಳಿದನೋ, ನೀವಾಗಿ ಬರೆದಿರೋ? ಅವನೇ ಹೇಳಿದ್ದರೆ ಹೌದು ಎಂದು ಬರೆಯಿರಿ. ಆಮೇಲೆಯೇ ಶಿವಯೋಗಿಯನ್ನು ಕರೆಸುತ್ತೇನೆ. ಯಾಕೆ ಕೇಳುತ್ತೇನೆ ಎಂಬುದು ನಿಮ್ಮ ಮನೆಯವರಿಗೆ ಗೊತ್ತಿದೆ.

ಹೂವಪ್ಪ


ಸವಣೂರು
೧೩ ಜನವರಿ ೨೦೨೫

ಪೂಜ್ಯ ಹೂವಪ್ಪ ಕಾಕಾ,

ನಿಮ್ಮ ಪತ್ರ ಓದಿ ನನ್ನ ಕಿವಿ ಬಿಸಿಯಾಯಿತು. ಸಕ್ಕರೆಗೆ ಇರುವೆ ಬರುವುದು ಸಕ್ಕರೆಯ ತಪ್ಪೇ ಕಾಕಾ?

ಪಾಲು ಗೀಲು ಏನೂ ಇಲ್ಲ. ನಮ್ಮವರು ಪಾಲು ಕೇಳುವವರಲ್ಲ, ಪಾಪದ ಮನುಷ್ಯ. ಅಂಗಡಿಯಲ್ಲಿ ಒಂದು ಬಾಳೆಹಣ್ಣು ಕೊಳೆತಿದ್ದರೂ ತಿರುಗಿ ಕೊಡಲು ನಾಚುತ್ತಾರೆ.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು. ಶಿವಯೋಗಿ ಅವರ ಹೆಸರನ್ನು ಇವರೇ ಹೇಳಿದರು. ನಿಮ್ಮ ಪತ್ರವನ್ನೂ ಇವರಿಗೆ ತೋರಿಸಿದೆ. ಓದಿ ತಲೆ ಆಡಿಸಿದರು. ಹೊಗಳಿಕೆಯ ಮಾತು ಮಾತ್ರ ನನ್ನದು, ಆದರೆ ಇವರ ಮನಸ್ಸಿನಲ್ಲಿ ಇದ್ದದ್ದೇ.

ನಿಮಗೆ ಇಷ್ಟು ಸಂಶಯ ಯಾಕೆ ಎಂದು ಅತ್ತೆಯನ್ನು ಕೇಳಿದೆ. ನಮ್ಮ ಅತ್ತೆ ಹಾಜರಾಬಿ ನಿಮ್ಮನ್ನು ಬಹಳ ವರ್ಷದಿಂದ ಬಲ್ಲರಂತೆ. "ಹೂವಪ್ಪ ತನ್ನ ನೆರಳಿಗೂ ಯಾಕ ಬೆನ್ನ ಹತ್ತಿ ಅಂತ ಕೇಳಾವ. ಆದ್ರ ಅವನ ಕೈಯಾಗ ಹೋದ ಗ್ಯಾಂಗ್ ಒಂದೂ ಕಡಿಮಿ ತಲಿ ಎಣಿಸಿ ತಿರುಗಿ ಬಂದಿಲ್ಲ," ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ. ನಿಮ್ಮ ಲೆಕ್ಕದಲ್ಲಿ ಅತ್ತೆಯೂ ಈಗ ನಿಮಗೆ ಜಾಮೀನು!

ಸಿಟ್ಟಾಗಬೇಡಿ. ಬೇಸಿಗೆಯ ಕೆಲಸ ನೆನಪಿರಲಿ.

ನುಜಹತ


ಹಾನಗಲ್ಲ
೧೬ ಜನವರಿ ೨೦೨೫

ಶ್ರೀಮತಿ ನುಜಹತ ಅವರಿಗೆ,

ಹೌದು ಎಂದು ಬರೆದಿದ್ದೀರಿ. ಕಾಗದವನ್ನು ಟ್ರಂಕಿನಲ್ಲಿ ಇಟ್ಟಿದ್ದೇನೆ.

ಗಿರಣಿಯ ಕೆಲಸ ಶಿವಯೋಗಿಗೆ ಕೊಟ್ಟಾಯಿತು. ೨೭ರ ಸೋಮವಾರ ಬೆಳಿಗ್ಗೆ ಶುರು. ಏನಾದರೂ ಹೆಚ್ಚುಕಡಿಮೆಯಾದರೆ ನದೀಮನ ಸಾಲಿಗೆ ಗೀಟು ಬೀಳುತ್ತದೆ. ಬೇಸಿಗೆಯ ಮಾತು ಆಮೇಲೆ.

ಹೂವಪ್ಪ


ಸವಣೂರು
೨೦ ಜನವರಿ ೨೦೨೫

ಹೂವಪ್ಪ ಕಾಕಾ,

ಈ ಪತ್ರ ನಮ್ಮವರ ಪರವಾಗಿ ಅಲ್ಲ. ನನ್ನದು. ದಯವಿಟ್ಟು ಇದನ್ನು ಟ್ರಂಕಿಗೆ ಹಾಕಬೇಡಿ, ಓದಿ ಒಲೆಗೆ ಹಾಕಿ.

ಯಾರ ಮುಂದೆ ಹೇಳಲಿ? ತವರಿಗೆ ಫೋನ್ ಮಾಡಿದರೆ ಅಮ್ಮ ಅದೇ ದಿನ ಬಸ್ಸು ಹತ್ತುತ್ತಾರೆ. ಅತ್ತೆಗೆ ಹೇಳಿದರೆ ಅವರ ಮಗ. ಸಂಶಯ ಪಡುವುದು ಹೇಗೆ ಎಂದು ಬಲ್ಲವರು ನನಗೆ ಗೊತ್ತಿರುವವರಲ್ಲಿ ನೀವೊಬ್ಬರೇ.

ಜನವರಿ ನಾಲ್ಕರ ಶನಿವಾರ ಇವರು ಶಿಗ್ಗಾವಿಗೆ ಹೋಗಿ ಬ್ರಷ್ ತರುತ್ತೇನೆ ಎಂದು ಬೈಕ್ ತೆಗೆದುಕೊಂಡು ಹೋದರು. ಸಂಜೆ ಬಂದರು. ಬ್ರಷ್ ಇಲ್ಲ. ಬಲಗೈಯ ಅಂಗೈ ಚರ್ಮ ಕಿತ್ತು ಹೋಗಿತ್ತು. ಏನಾಯಿತು ಎಂದರೆ, "ಬೈಕ್ ಜಾರಿತು ಮಾರಾಯ್ತಿ, ಏನಿಲ್ಲ," ಎಂದರು. ನಾನು ಅರಿಶಿನ ಹಚ್ಚಿ, ಊದಿ, ಅತ್ತು, ಅವರನ್ನೇ ನಗಿಸಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ನಿನ್ನೆ ಬೈಕಿನ ಪೆಟ್ಟಿಗೆ ಒರೆಸಲು ಹೋದೆ. ಒಳಗೆ ಪೇಪರಿನಲ್ಲಿ ಸುತ್ತಿಟ್ಟ ಅಂಗಿ. ನಾನೇ ಮದುವೆಗೆ ಕೊಡಿಸಿದ ಆಕಾಶನೀಲಿ ಅಂಗಿ! ಎದೆಯಿಂದ ಹೊಟ್ಟೆಯವರೆಗೆ ತುಕ್ಕಿನ ಪಟ್ಟೆಗಳು, ಹಳೆಯ ಮೆಹಂದಿಯ ಬಣ್ಣ. ಜೇಬಿನಲ್ಲಿ ಒಂದು ಪೆಟ್ರೋಲ್ ಚೀಟಿ, ಅದೇ ನಾಲ್ಕನೇ ತಾರೀಖಿನದು. ಯಾವ ಊರಿನದು ಗೊತ್ತೇ? ಹಿರೇಕೆರೂರಿನದು.

ಶಿಗ್ಗಾವಿ ಎಲ್ಲಿ, ಹಿರೇಕೆರೂರು ಎಲ್ಲಿ? ಬೈಕ್ ಜಾರಿದ್ದರೆ ಬೈಕಿನ ಮೇಲೆ ಒಂದು ಗೀರಾದರೂ ಬೇಡವೇ? ಇಡೀ ಬೈಕ್ ಸುತ್ತಿ ನೋಡಿದೆ, ಕನ್ನಡಿಯಂತಿದೆ.

ನೀವು ಟ್ಯಾಂಕು ನೋಡಲು ಹೋಗಿರಬೇಕು ಎನ್ನಬಹುದು. ಇಲ್ಲ. ಮದುವೆಯಾದ ಮೂರನೇ ದಿನ, ಇವರು ಅರವತ್ತು ಅಡಿ ಎತ್ತರ ಹತ್ತುತ್ತಾರೆ ಎಂದು ತಿಳಿದಾಗ, ನನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಹಾಕಿಸಿಕೊಂಡಿದ್ದೇನೆ. ಇನ್ನು ಮುಂದೆ ಕೆಳಗೆ ನಿಂತು ಮಾಡಿಸುವುದು, ತಾವು ಹತ್ತುವುದಿಲ್ಲ ಎಂದು. ಆದ್ದರಿಂದ ಏಣಿಯ ಮಾತೇ ಇಲ್ಲ.

ಹಾಗಾದರೆ ಬೇಡ ಎಂದ ಕೆಲಸದ ಊರಿಗೇ ಯಾಕೆ ಹೋದರು? ನನ್ನಿಂದ ಮುಚ್ಚಿ ಯಾಕೆ ಹೋದರು? ಅಲ್ಲಿ ಯಾರಿದ್ದಾರೆ ಕಾಕಾ? ನೀವು ನಾಲ್ಕು ತಾಲೂಕು ಬಲ್ಲವರು. ನಿಮಗೆ ತಿಳಿದದ್ದು ಎಂಥದ್ದೇ ಇರಲಿ, ಬರೆಯಿರಿ. ನಾನು ಇನ್ನೂ ಕೇಳಿಲ್ಲ. ಇವರು ಊಟಕ್ಕೆ ಕುಳಿತಾಗ ಮುಖ ನೋಡುತ್ತೇನೆ, ಅಷ್ಟೇ. "ಏನ ನೋಡ್ತಿ?" ಎನ್ನುತ್ತಾರೆ. "ಏನಿಲ್ಲ," ಎನ್ನುತ್ತೇನೆ. ಈಗ ನಮ್ಮ ಮನೆಯಲ್ಲಿ ಇಬ್ಬರೂ ಏನಿಲ್ಲ ಎನ್ನುವವರೇ.

ನುಜಹತ


ಸವಣೂರು
೨೭ ಜನವರಿ ೨೦೨೫, ಬೆಳಿಗ್ಗೆ ಆರೂವರೆ

ಕಾಕಾ,

ನೀವು ಒಂದು ವಾರದಿಂದ ಉತ್ತರ ಬರೆದಿಲ್ಲ. ಸಿಟ್ಟಾಗಿ ನಮ್ಮವರ ಸಾಲು ಹೊಡೆದುಹಾಕಿದ್ದೀರಿ ಎಂದೇ ತಿಳಿದಿದ್ದೆ. ಈಗ ಹೊಡೆದುಹಾಕಿದ್ದರೂ ಪರವಾಗಿಲ್ಲ. ಈ ಪತ್ರವನ್ನು ಹಾನಗಲ್ಲಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ತಕ್ಷಣ ಶಿವಯೋಗಿ ಅವರನ್ನು ತಡೆಯಿರಿ. ಟ್ಯಾಂಕು ಹತ್ತಲು ಬಿಡಬೇಡಿ.

ನಾನು ಸುಳ್ಳು ಬರೆದೆ. ಶಿವಯೋಗಿಯ ಹೆಸರನ್ನು ಇವರು ಹೇಳಿರಲಿಲ್ಲ. ಇವರು ಹೇಳಿದ್ದು, "ಹೆಸರಿನ ಸಾಲ ಖಾಲಿ ಬಿಡು," ಎಂದು. ಆ ಹೊತ್ತಿಗೆ ಗ್ಯಾಂಗಿನವರು ಕರೆದರು, ಎದ್ದು ಹೋದರು. ಖಾಲಿ ಬಿಟ್ಟರೆ ಒರಟಾಗಿ ಕಾಣುತ್ತದೆ ಎಂದು ನಾನೇ ತುಂಬಿದೆ. ನಿಮ್ಮ ಪತ್ರವನ್ನೂ ತೋರಿಸಲಿಲ್ಲ. ಮೊದಲ ಕೆಲಸದಲ್ಲೇ ತಪ್ಪಿದೆ ಎಂದು ಇವರಿಗೆ ತಿಳಿಯುವುದು ಬೇಡವಾಗಿತ್ತು. ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ.

ನಿನ್ನೆ ಸಂಜೆ ಮಗ್ರಿಬ್ ನಮಾಜಿನ ನಂತರ ಶಿವಯೋಗಿ ಅವರ ಫೋನ್ ಬಂತು. ಸ್ಪೀಕರಿನಲ್ಲಿ ನಾನೂ ಕೇಳಿದೆ. "ನದೀಮಾ, ನಿನ್ನ ಬೀವಿ ನನಗ ಮದ್ದಲಿ ಬಾರಿಸಿ ಕಾಗದ ಬರದಾಳಂತಲ್ಲೋ. ನನ್ನ ಹೆಂಡ್ತಿನೂ ಹತ್ತು ವರ್ಷದಾಗ ಇಷ್ಟ ಹೊಗಳಿಲ್ಲ. ನಾಳಿ ಗಿರಣಿ ಕೆಲಸ ಶುರು, ಥ್ಯಾಂಕ್ಸಪ್ಪಾ!" ಎಂದರು.

ಇವರ ಮುಖ ಬಿಳಿಚಿತು. "ಶಿವಯೋಗಿ, ಮ್ಯಾಲ ಹತ್ತಬ್ಯಾಡ. ಆ ರೇಲಿಂಗ್ ಕೈಯಾಗ ಬರ್ತೈತಿ," ಎಂದರು.

ಅವರು, "ಹಂಗಾದ್ರ ನನ್ನ ಹೆಸರ ಯಾಕ ಕೊಟ್ಟಿ? ಈಗ ಕೆಲಸ ನನಗ ಬಂತಂತ ಹೊಟ್ಟಿ ಉರೀತೇನು?" ಎಂದು ಇಟ್ಟುಬಿಟ್ಟರು. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ನೀವೂ ಎತ್ತಲಿಲ್ಲ.

ಆಗ ಇವರು ನನ್ನ ಕಡೆ ತಿರುಗಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಖಾಲಿ ಬಿಡು ಅಂದಿದ್ನೆಲ್ಲ?"

"ಖಾಲಿ ಬಿಟ್ಟರೆ ಮರ್ಯಾದೆಯಲ್ಲ ಅಂತ..."

"ಹೆಸರ ತೋರಿಸಿದ್ರ ನನಗ ಆಗೂದಿಲ್ಲ, ಇವನಿಗೆ ಆದೀತು ಅಂತ. ತೋರಿಸಲಿಲ್ಲಂದ್ರ ಅಲ್ಲಿ ಯಾರನ್ನೂ ಕಳಸಬ್ಯಾಡ್ರಿ ಅಂತ. ಹೂವಪ್ಪಣ್ಣ ತಾನ ಹೋಗಿ ನೋಡ್ತಿದ್ದ."

"ಹಾಗಂತ ಬರೆಯಬಹುದಿತ್ತಲ್ಲ? ರೇಲಿಂಗ್ ಸರಿ ಇಲ್ಲ ಅಂತ?"

"ಬರದ ಕಾಗದ ಮಾಲಕರ ಕೈಗೆ ಹೋತಂದ್ರ? ಇವ ನಮ್ಮ ಗಿರಣಿಗೆ ಹೆಸರ ಇಟ್ಟ ಅಂತಾರ. ಅದಕ್ಕ ಯಾರೂ ಬರಿಯೂದಿಲ್ಲ, ನುಜಹತ."

ಅಂಗಿ ತಂದು ಮುಂದಿಟ್ಟೆ. ಆಗ ಉಳಿದದ್ದನ್ನೂ ಹೇಳಿದರು. ನೋಡದೆ ಗ್ಯಾಂಗನ್ನು ಹತ್ತಿಸಲು ಮನಸ್ಸು ಬಾರದೆ ನಾಲ್ಕನೇ ತಾರೀಖು ತಾವೇ ಹತ್ತಿದ್ದರಂತೆ. ಬಣ್ಣ ಹಚ್ಚುವವರು ತಮ್ಮ ಹಗ್ಗವನ್ನು ಟ್ಯಾಂಕಿನ ಮೇಲಿನ ರೇಲಿಂಗಿಗೇ ಕಟ್ಟಿ ಜೋತಾಡುತ್ತಾರಂತೆ. ಇವರು ಅದರ ಪೈಪು ಹಿಡಿದು ಅಲ್ಲಾಡಿಸಿದಾಗ ಸಿಮೆಂಟಿನ ಸಮೇತ ಎದ್ದು ಬಂತಂತೆ. ಆಯ ತಪ್ಪಿ, ಏಣಿಗೆ ಎದೆ ಒತ್ತಿ, ಒಂದೇ ಕೈಯಲ್ಲಿ ಹತ್ತು ಮೆಟ್ಟಿಲು ಜಾರಿದರಂತೆ. ನನ್ನ ತಲೆಯ ಮೇಲಿನ ಆಣೆ ಮುರಿದದ್ದನ್ನು ನನಗೆ ಹೇಳುವುದು ಹೇಗೆ ಎಂದು ಶಿಗ್ಗಾವಿಯ ಬ್ರಷ್ ಎಂದರಂತೆ.

ಹಿರೇಕೆರೂರಿನಲ್ಲಿ ಯಾರಿದ್ದಾರೆ ಎಂದು ನಿಮ್ಮನ್ನು ಕೇಳಿದ್ದೆನಲ್ಲ ಕಾಕಾ. ನನ್ನಂಥ ಹುಚ್ಚಿ ಉಂಟೆ?

ನಸುಕಿನ ಫಜರ್ ನಮಾಜು ಮುಗಿಸಿ ಇವರು ಬೈಕಿನಲ್ಲಿ ಹೊರಟು ಹೋಗಿದ್ದಾರೆ. ಬಸ್ಸು ಬಂತು.

ನುಜಹತ


ಹಾನಗಲ್ಲ
೩೦ ಜನವರಿ ೨೦೨೫

ತಂಗಿ ನುಜಹತ,

ನದೀಮ ಎಲ್ಲ ಹೇಳಿರುತ್ತಾನೆ. ಆದರೂ ಅವನು ಬಂದದ್ದು ಕೊನೆಗೆ. ಮೊದಲಿನದನ್ನು ನಾನು ಬರೆಯಬೇಕು.

ನಿನ್ನ ೨೦ರ ಕಾಗದ ನನಗೆ ೨೩ಕ್ಕೇ ಸಿಕ್ಕಿತು. ಓದಿದೆ. ಹಿರೇಕೆರೂರಿನ ಪೆಟ್ರೋಲ್ ಚೀಟಿ ಎಂಬಲ್ಲಿಗೆ ಬಂದಾಗ ನನಗೆ ಕಂಡದ್ದು ಪಾಲು. ಬೇಡ ಎಂದವನು ಕದ್ದು ಕೆಲಸ ನೋಡಿ ಬಂದಿದ್ದಾನೆ, ಶಿವಯೋಗಿಯನ್ನು ಮುಂದೆ ಬಿಟ್ಟು ಹಿಂದೆ ನಿಂತಿದ್ದಾನೆ ಎಂದುಕೊಂಡೆ. ಸಿಟ್ಟಿನಿಂದ ಕಾಗದವನ್ನು ಗಡಿಯಾರದ ಹಿಂದೆ ಸಿಕ್ಕಿಸಿದೆ. ಬೇಸಿಗೆಯಲ್ಲಿ ನದೀಮನಿಗೆ ಒಂದು ಕೆಲಸವೂ ಇಲ್ಲ ಎಂದು ಮನಸ್ಸಿನಲ್ಲೇ ಬರೆದುಬಿಟ್ಟಿದ್ದೆ.

ರವಿವಾರ ಸಂಜೆ ನನ್ನ ಮನೆಯಾಕೆ ಅಡಿವೆವ್ವ ಧೂಳು ಜಾಡಿಸುವಾಗ ಅದು ಕೆಳಗೆ ಬಿತ್ತು. ನನ್ನ ಕೈಯಿಂದಲೇ ಓದಿಸಿದಳು. ಅಂಗಿಯ ಮಾತು ಬಂದಾಗ, "ತಡೀರಿ, ಇನ್ನೊಮ್ಮೆ ಓದ್ರಿ," ಎಂದಳು. ಓದಿದೆ.

"ತುಕ್ಕು ಎಲ್ಲಿ ಹತ್ತೇತಂತ?"

"ಎದಿಯಿಂದ ಹೊಟ್ಟಿತನ."

"ಹಂಗಾದ್ರ ಏಣಿ ಅಪ್ಪಿ ಜಾರ್ಯಾನ. ನೀವು ಟ್ಯಾಂಕ್ ಹತ್ತತಿದ್ದಾಗ ಹನ್ನೆರಡು ವರ್ಷ ನಿಮ್ಮ ಅಂಗಿ ಒಗದಾಕಿ ನಾನು. ಸುಮ್ನ ಹತ್ತಿದ್ರ ತೋಳಿಗೆ ಹತ್ತತೈತಿ. ಜಾರಿದ್ರ ಎದಿಗೆ. ನೀವು ಬಿದ್ದ ದಿನದ ಅಂಗಿ ಹಿಂಗ ಇತ್ತು."

ನನ್ನ ಎಡಗಾಲು ಕುಂಟು ಎಂಬುದು ನಿನ್ನ ಅತ್ತೆಗೆ ಗೊತ್ತು. ನಿನಗೆ ಗೊತ್ತಿರಲಿಕ್ಕಿಲ್ಲ.

ಆಗ ಅನುಮಾನ ಬೇರೆ ದಿಕ್ಕಿಗೆ ತಿರುಗಿತು. ಮೇಲೆ ಹತ್ತಿ ಜಾರಿದವನು, ಹೊಗಳಿಕೆ ಬರೆಸದವನು, ಇನ್ನೊಬ್ಬನ ಹೆಸರು ಹೇಗೆ ಬರೆಸಿಯಾನು? ನಿನ್ನ ಹೌದು ಸುಳ್ಳು ಎಂದು ಆಗ ತಿಳಿಯಿತು. ಬೇಡ ಎಂಬ ಮಾತಿಗೆ ಫೋನು ಮುಟ್ಟುವುದಿಲ್ಲ ಎಂಬುದು ನನ್ನ ಹಟ, ಆ ರಾತ್ರಿಯೂ ಮುಟ್ಟಲಿಲ್ಲ. ನದೀಮನ ಕರೆ ಬಂದದ್ದೂ ಗೊತ್ತಾಗಲಿಲ್ಲ, ಫೋನು ಅಡಿಗೆ ಮನೆಯ ಮಾಡದಲ್ಲಿ ಚಾರ್ಜಿಗಿತ್ತು. ಮುಂಜಾನೆಯ ಮೊದಲ ಬಸ್ಸು ಹತ್ತಿದೆ. ನೀನು ಕಂಡಕ್ಟರ್ ಕೈಯಲ್ಲಿ ಕಳಿಸಿದ ಕಾಗದ ಸಿಕ್ಕಿದ್ದು ತಿರುಗಿ ಬಂದ ಮೇಲೆಯೇ.

ಗಿರಣಿಗೆ ಹೋದಾಗ ಶಿವಯೋಗಿಯ ಒಬ್ಬ ಆಳು ಮೇಲೆ ಹತ್ತಿ ಹಗ್ಗ ಕಟ್ಟಿ ಬಿಟ್ಟಿದ್ದ. ಶಿವಯೋಗಿ ಕೂರುವ ಹಲಗೆಯನ್ನು ಸೊಂಟಕ್ಕೆ ಬಿಗಿಯುತ್ತಿದ್ದ. ಇಳಿಸು ಅವನನ್ನು ಎಂದೆ.

"ಯಾಕ್ರಿ ಹೂವಪ್ಪಣ್ಣ? ನದೀಮ ನಿನ್ನೆ ಅಂದ, ನೀವು ಇವತ್ತ ಅಂತೀರಿ. ಈ ಕೆಲಸ ಈಗ ಯಾರಿಗೆ ಕೊಡಾಕತ್ತೀರಿ, ಅದನ್ನರ ಹೇಳ್ರಿ."

ನನಗೆ ತೋರಿಸಲು ಬೇರೇನೂ ಇರಲಿಲ್ಲ. ನಿನ್ನ ಕಾಗದ ತೆಗೆದೆ. ಒಲೆಗೆ ಹಾಕು ಎಂದು ನೀನು ಬರೆದದ್ದನ್ನು ಏಳು ಜನರ ಮುಂದೆ ಓದಿದೆ, ಅಂಗಿಯ ಸಾಲುಗಳನ್ನು ಮಾತ್ರ. ಶಿವಯೋಗಿ ಹೊಟ್ಟೆ ಹಿಡಿದು ನಕ್ಕ. "ನದೀಮನ ಅಂಗಿ ಹೊಲಸಾದ್ರ ನಾ ಯಾಕ ಕೆಲಸ ಬಿಡಲ್ರಿ? ಸೋಡಾ ಹಚ್ಚಿ ಒಗಿ ಅನ್ರಿ!" ಎಲ್ಲರೂ ನಕ್ಕರು. ಗಿರಣಿಯ ಮಾಲೀಕರೂ ನಕ್ಕರು.

ನಾನು ಒಂದೇ ಮಾತು ಹೇಳಿದೆ. ಮೇಲಿನವನನ್ನು ಇಳಿಸು, ಹಗ್ಗ ಹಾಗೇ ಇರಲಿ, ನಾಲ್ಕು ಜನ ಕೆಳಗಿನಿಂದ ಜಗ್ಗಿರಿ. ಏನೂ ಆಗದಿದ್ದರೆ ನಾನು ಕಾಲಿಗೆ ಬಿದ್ದು ಹೋಗುತ್ತೇನೆ. ಮುದುಕನ ಹಟ ಎಂದು ಒಪ್ಪಿದರು.

ಮೊದಲ ಜಗ್ಗಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಪೈಪು, ಅದರ ಬುಡದ ಸಿಮೆಂಟು, ಪಕ್ಕದ ಇನ್ನೆರಡು ಪೈಪು, ಎಲ್ಲ ಒಟ್ಟಿಗೆ ಬಂದವು. ಬಿದ್ದದ್ದು ಅವರ ಬುತ್ತಿಯ ಡಬ್ಬಿಗಳ ಮೇಲೆ. ರೊಟ್ಟಿ, ಪಲ್ಯ ಎಲ್ಲ ಮಣ್ಣು.

ಶಿವಯೋಗಿ ಸೊಂಟದ ಹಲಗೆ ಬಿಚ್ಚಿದ. ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಹೇಳಿದ: "ಆ ಹುಡುಗಿಗೆ ಒಂದು ಕಾಗದ ಬರೀರಿ ಹೂವಪ್ಪಣ್ಣ. ಇನ್ನೊಮ್ಮೆ ನನ್ನ ಹೊಗಳಬ್ಯಾಡ ಅನ್ರಿ."

ನದೀಮ ಬಂದಾಗ ನಾವು ಆ ಪೈಪಿನ ಸುತ್ತ ಕುಳಿತು ಚಹಾ ಕುಡಿಯುತ್ತಿದ್ದೆವು. ಬೈಕ್ ನಿಲ್ಲಿಸದೆ ಕೆಡವಿ ಓಡಿ ಬಂದ. ತಲೆ ಎಣಿಸಿದ. ಎರಡು ಸಲ ಎಣಿಸಿದ. ಶಿವಯೋಗಿ ತನ್ನ ಕಪ್ಪನ್ನೇ ಅವನ ಕೈಗೆ ಕೊಟ್ಟ. ಈಗ ಆ ಬೈಕಿನ ಮೇಲೆ ನಿಜವಾದ ಗೀರು ಇದೆ, ನೋಡಿಕೋ.

ನೀನು ಸುಳ್ಳು ಬರೆದದ್ದನ್ನು ನಾನು ಮರೆಯುವುದಿಲ್ಲ. ಆದರೆ ಬಸ್ಸಿನಲ್ಲಿ ತಿರುಗಿ ಬರುವಾಗ ಚಹಾ ಕುಡಿಯುವಾಗ ನದೀಮ ಆಡಿದ ಮಾತು ಕಾಡಿತು, ಬರೆದರೆ ಮಾಲೀಕರ ಕೈಗೆ ಹೋಗುತ್ತದೆ ಎಂದದ್ದು. ನಾನು ಬಿದ್ದಾಗಲೂ ಯಾರೋ ಒಬ್ಬರು ಮೊದಲೇ ಆ ಕೆಲಸ ಬೇಡ ಎಂದಿದ್ದರು. ಹೆಸರಿನ ಸಾಲು ಖಾಲಿ ಇತ್ತಂತೆ. ಆಗಿನ ಏಜೆಂಟ ಅದನ್ನು ನೋಡಲಿಲ್ಲ. ನಾನು ನೋಡುತ್ತೇನೆ ಎಂದು ಮೂವತ್ತು ವರ್ಷ ಹೆಮ್ಮೆಪಟ್ಟೆ. ಖಾಲಿ ಸಾಲನ್ನು ಯಾರಾದರೂ ಪ್ರೀತಿಯಿಂದ ತುಂಬಿಬಿಟ್ಟಾರು ಎಂದು ಹೊಳೆಯಲಿಲ್ಲ.

ಆದ್ದರಿಂದ ಈ ಸಲ ಗಿರಣಿಯ ಮಾಲೀಕರಿಗೆ ನಾನೇ ಬೇಡ ಎಂದು ಬರೆಯುತ್ತಿದ್ದೇನೆ, ಕಾರಣ ಸಮೇತ. ಇನ್ನು ಅವರು ನನಗೆ ಕೆಲಸ ಹೇಳುವುದಿಲ್ಲ. ಅವರ ಭಾವನೂ ಹೇಳುವುದಿಲ್ಲ, ಅವನದು ಎರಡು ಗಿರಣಿ. ಹೋಗಲಿ. ಕರಡು ಇದರ ಜೊತೆಗಿದೆ. ಭಾಷೆ ತಿದ್ದಿ ಕಳಿಸು. ನಿನ್ನ ಹೃತ್ಪೂರ್ವಕ ಮಾತ್ರ ಎಲ್ಲೂ ಹಾಕಬೇಡ.

ಹೂವಪ್ಪ


ಸವಣೂರು
೨೦ ಫೆಬ್ರವರಿ ೨೦೨೫

ಹೂವಪ್ಪ ಕಾಕಾ ಅವರಿಗೆ,

ತಡಸದ ಕಡೆಯ ಕೋಳಿ ಫಾರ್ಮಿನ ಟ್ಯಾಂಕಿನ ಕೆಲಸ ಬೇಡ.

ಕಾರಣ: ಏಣಿಯ ಮೇಲಿನ ಏಳು ಮೆಟ್ಟಿಲು ಅಲ್ಲಾಡುತ್ತವೆ. ಮನೆಯಲ್ಲಿ ಯಾರದೂ ನಿಶ್ಚಿತಾರ್ಥವಿಲ್ಲ.

ಮೆಟ್ಟಿಲನ್ನು ನದೀಮ ಹತ್ತಿ ನೋಡಿದರು. ಆಣೆ ವಾಪಸು ತೆಗೆದುಕೊಂಡಿದ್ದೇನೆ, ಆದರೆ ಹತ್ತುವ ದಿನ ನಾನೂ ಜೊತೆಗೆ ಹೋಗುತ್ತೇನೆ ಎಂಬ ಕರಾರಿನ ಮೇಲೆ. ನಾನು ಕೆಳಗೆ ನಿಂತು ಬರೆದುಕೊಂಡೆ. ಇವರು ಮೇಲಿನಿಂದ ಒಂದೊಂದೇ ಕೂಗಿ ಹೇಳಿದರು. ಕೋಳಿಗಳೆಲ್ಲ ಗಲಾಟೆ ಎಬ್ಬಿಸಿದವು. ಏಳನೆಯದನ್ನು ಹೇಳುವಾಗ ನಾನು ಕಣ್ಣು ಮುಚ್ಚಿದ್ದೆ, ಅದಕ್ಕೆ ಕೆಳಗಿಳಿದ ಮೇಲೆ ಇನ್ನೊಮ್ಮೆ ಕೇಳಿ ಬರೆದಿದ್ದೇನೆ.

ನೀಲಿ ಅಂಗಿಯ ಕಲೆ ಹೋಗಲಿಲ್ಲ. ಅಡಿವೆವ್ವ ಅಕ್ಕನವರನ್ನು ಕೇಳಿ, ಅದಕ್ಕೆ ಏನು ಹಚ್ಚಬೇಕು ಎಂದು.

ಹೆಸರು ತೋರಿಸುವ ಸಾಲನ್ನು ಕೆಳಗೆ ಬಿಟ್ಟಿದ್ದೇನೆ. ಎಷ್ಟೊಂದು ಒಳ್ಳೆಯವರ ಹೆಸರುಗಳು ನೆನಪಾಗುತ್ತಿವೆ ಕಾಕಾ! ಕೈ ತುರಿಸುತ್ತಿದೆ.

ನುಜಹತ

ಹೆಸರು: